ಹಾಳೂರು ಮತ್ತು ಕವಿ

“ಹಾಳೂರಿಗೆ ಉಳಿದವನೇ ಗೌಡ” ಎಂದು ನಮ್ಮಲ್ಲಿ ಒಂದು ಗಾದೆಯುಂಟು. ಊರಿಗೆ ಊರೇ ಬಿಟ್ಟುಹೋದ ಮೇಲೆ ಹಿಂದುಳಿದ ಒಬ್ಬನು ತಾನೇ ಯಜಮಾನನೆಂದು ಮೆರೆಯುವುದನ್ನು ಕಂಡು, ಯಾರೋ ಅನುಭವಸ್ಥರು ನಕ್ಕು ಆಡಿದ ಮಾತು ಇದಾಗಿರಬೇಕು. ತರಗತಿಯಲ್ಲಿ ಈ ಗಾದೆಯನ್ನು ಹೇಳುವಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಹಾಳೂರಿನಲ್ಲಿ ನಿಜವಾಗಿ ಕಡೆಯವರೆಗೆ ಉಳಿಯುವವನು ಗೌಡನೂ ಅಲ್ಲ, ಶಾನುಭೋಗನೂ ಅಲ್ಲ; ಕವಿ. ಕೋಟೆ ಬಿದ್ದು, ಪೇಟೆ ಮುಚ್ಚಿ, ದೇವರು ಕೂಡ ದೀಪವಿಲ್ಲದೆ ಕುಳಿತ ಮೇಲೆ ಅವನು ಬರುತ್ತಾನೆ. ಬಿದ್ದ ಕಲ್ಲೊಂದರ ಮೇಲೆ ಕುಳಿತು, ಇಲ್ಲಿ ಏನೇನಿತ್ತು ಎಂದು ಹೇಳತೊಡಗುತ್ತಾನೆ. ಆ ಯಜಮಾನಿಕೆಯನ್ನು ಅವನು ಹೇಗೆ ನಡೆಸಿದ್ದಾನೆ, ಊರಿನ ಲೆಕ್ಕವನ್ನು ಸರಿಯಾಗಿ ಒಪ್ಪಿಸಿದ್ದಾನೆಯೇ ಎಂಬುದನ್ನು ಈ ಹೊತ್ತು ತಮ್ಮೊಡನೆ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ‘ಹಾಳು’ ಎಂಬ ಶಬ್ದವನ್ನೇ ನೋಡೋಣ. ಇದು ಹಳಗನ್ನಡದ ‘ಪಾೞ್’. ಅದಕ್ಕೆ ಬರಿದು, ಶೂನ್ಯ, ಜನವಿಲ್ಲದ್ದು ಎಂಬುದೇ ಮುಖ್ಯವಾದ ಅರ್ಥ. ನಮ್ಮ ರೈತರು “ಹೊಲ ಹಾಳುಬಿದ್ದಿದೆ” ಎನ್ನುತ್ತಾರೆ. ಮಣ್ಣು ಅದೇ ಮಣ್ಣು, ಬದು ಅದೇ ಬದು, ಆದರೆ ಉಳುವವರಿಲ್ಲ. “ಹಾಳು ಬಾವಿ” ಎನ್ನುತ್ತಾರೆ. ಅದರಲ್ಲಿ ನೀರಿದ್ದರೂ ಇರಬಹುದು, ಸೇದುವವರಿಲ್ಲ. ಹಾಗೆಯೇ ಊರು ಕೂಡ. ಕಲ್ಲು ಮುರಿದುದರಿಂದ ಊರು ಹಾಳಾಗುವುದಿಲ್ಲ, ಜನ ಹೋದುದರಿಂದ ಹಾಳಾಗುತ್ತದೆ. ಈ ಸಣ್ಣ ಭೇದವನ್ನು ನಮ್ಮ ಭಾಷೆ ತಿಳಿದುಕೊಂಡಿದೆ. ಕವಿಗಳು ತಿಳಿದುಕೊಂಡಿದ್ದಾರೆಯೇ ಎಂಬುದು ನಮ್ಮ ಪ್ರಶ್ನೆ.

ಹಾಳಾದ ನಗರವನ್ನು ಕುರಿತ ಹಾಡು ಬಹು ಪುರಾತನವಾದುದು. ಇಂದಿನ ಇರಾಕ್ ದೇಶದ ದಕ್ಷಿಣದ ಬಯಲಿನಲ್ಲಿ ಉರ್ ಎಂಬ ಮಹಾನಗರವಿತ್ತು. ಕ್ರಿಸ್ತಪೂರ್ವ 2000ದ ಸುಮಾರಿನಲ್ಲಿ ಎಲಾಮ್ ದೇಶದವರು ನುಗ್ಗಿ ಅದನ್ನು ಕೊಳ್ಳೆಹೊಡೆದರು. ಆ ದುಃಖವನ್ನು ಸುಮೇರಿಯನ್ ಭಾಷೆಯಲ್ಲಿ ಹಾಡಿದ ಒಂದು ದೀರ್ಘ ಶೋಕಗೀತೆ ಜೇಡಿಮಣ್ಣಿನ ಹಲಗೆಗಳ ಮೇಲೆ ಉಳಿದುಬಂದಿದೆ. ಅದರಲ್ಲಿ ಅಳುವವಳು ಆ ನಗರದ ದೇವಿ ನಿಂಗಲ್. ದೊಡ್ಡ ದೇವರುಗಳ ಮುಂದೆ ಹೋಗಿ, ನನ್ನ ಊರನ್ನು ಕೆಡಿಸಬೇಡಿರೆಂದು ಬೇಡುತ್ತಾಳೆ, ಅವರು ಕೇಳುವುದಿಲ್ಲ. ನಾಲ್ಕು ಸಾವಿರ ವರ್ಷಗಳ ಹಿಂದಿನ ಆ ಕವಿಗೆ ಊರೆಂದರೆ ಒಬ್ಬ ತಾಯಿ, ಒಬ್ಬ ಗೃಹಿಣಿ. ಪ್ರತಿಯೊಂದು ಹಳ್ಳಿಗೂ ಒಬ್ಬ ಊರಮ್ಮನನ್ನು ಕೂರಿಸಿಕೊಂಡಿರುವ ನಮಗೆ ಇದು ಹೊಸದಾಗಿ ತೋರುವುದಿಲ್ಲ.

ಅಂಥದೇ ಒಬ್ಬ ನಗರದೇವಿ ನಮ್ಮ ಕಾಳಿದಾಸನಲ್ಲಿಯೂ ಬರುತ್ತಾಳೆ. ರಘುವಂಶದ 16ನೆಯ ಸರ್ಗವನ್ನು ಓದಿದವರಿಗೆ ಇದು ನೆನಪಿರಬಹುದು. ಶ್ರೀರಾಮನು ಅವತಾರವನ್ನು ಮುಗಿಸಿದ ಮೇಲೆ ಅಯೋಧ್ಯೆಯಲ್ಲಿ ಜನವಿಲ್ಲ. ಮಗನಾದ ಕುಶನು ದೂರದ ಕುಶಾವತಿಯಲ್ಲಿ ರಾಜ್ಯವಾಳುತ್ತಿದ್ದಾನೆ. ನಡುರಾತ್ರಿ, ಅರಮನೆಯೆಲ್ಲ ಮಲಗಿದೆ, ದೀಪಗಳು ಅಲುಗಾಡದೆ ನಿಂತಿವೆ. ಮುಚ್ಚಿದ ಬಾಗಿಲನ್ನು ದಾಟಿ, ಗಂಡ ಪರಸ್ಥಳಕ್ಕೆ ಹೋದ ಹೆಂಗಸಿನ ವೇಷದಲ್ಲಿ ಒಬ್ಬಳು ಎದುರಿಗೆ ಬಂದು ನಿಲ್ಲುತ್ತಾಳೆ. ಅವಳೇ ಅಯೋಧ್ಯೆಯ ಅಧಿದೇವತೆ. ತನ್ನ ಊರಿನ ಅವಸ್ಥೆಯನ್ನು ದೊರೆಗೆ ಹೇಳಿಕೊಳ್ಳಲು ಬಂದಿದ್ದಾಳೆ.

ಅವಳು ಏನೇನನ್ನು ಹೇಳುತ್ತಾಳೆ ಎಂಬುದನ್ನು ಗಮನಿಸಬೇಕು. ಸಿಂಹಾಸನ ಬರಿದಾಯಿತು, ಭಂಡಾರ ಲೂಟಿಯಾಯಿತು ಎಂಬ ಕಥೆಯನ್ನು ಅವಳು ತೆಗೆಯುವುದೇ ಇಲ್ಲ. ಹೆಂಗಸರು ಈಜಾಡುವಾಗ ಕೈಯಿಂದ ನೀರನ್ನು ಬಡಿದು ಮೃದಂಗದ ದನಿ ಹೊರಡಿಸುತ್ತಿದ್ದ ಕೊಳಗಳಲ್ಲಿ ಈಗ ಕಾಡೆಮ್ಮೆಗಳು ಕೋಡಿನಿಂದ ನೀರನ್ನು ಕಲಕುತ್ತಿವೆ. ಅರಗಿನ ಬಣ್ಣ ಹಚ್ಚಿದ ಪಾದಗಳು ಏರಿಳಿಯುತ್ತಿದ್ದ ಮೆಟ್ಟಿಲುಗಳ ಮೇಲೆ, ಆಗತಾನೆ ಜಿಂಕೆಯನ್ನು ಕೊಂದ ಹುಲಿಗಳು ರಕ್ತದ ಹೆಜ್ಜೆಗಳನ್ನು ಇಡುತ್ತಿವೆ. ಕಂಬದ ಮೇಲಿನ ಸ್ತ್ರೀಪ್ರತಿಮೆಗಳ ಬಣ್ಣ ಮಾಸಿದೆ; ಅವುಗಳಿಗೆ ಹಾವುಗಳು ಬಿಟ್ಟ ಪೊರೆಯೇ ಮೇಲುದವಾಗಿದೆ. ಸಾಕಿದ ನವಿಲುಗಳು ಕಾಡುನವಿಲುಗಳಾಗಿವೆ. ಕಡೆಯಲ್ಲಿ ಅವಳು ಕಿಟಕಿಗಳ ಮಾತನ್ನೆತ್ತುತ್ತಾಳೆ. ರಾತ್ರಿ ಅವುಗಳಲ್ಲಿ ದೀಪ ಕಾಣುವುದಿಲ್ಲ, ಹಗಲು ಯಾರ ಮುಖವೂ ಕಾಣುವುದಿಲ್ಲ. ಜೇಡರಬಲೆ ಕಟ್ಟಿದೆ. ಅವುಗಳಿಂದ ಹೊರಡುತ್ತಿದ್ದ ಹೊಗೆ ನಿಂತುಹೋಗಿದೆ.

ಹೊಗೆ ನಿಂತುಹೋಗಿದೆ! ಈ ಮಾತನ್ನು ನಾನು ಎಷ್ಟೋ ವರ್ಷ ಪಾಠಹೇಳಿದ್ದೇನೆ. ಅದರ ತೂಕ ನನಗೆ ಬಹುಕಾಲ ತಿಳಿದಿರಲಿಲ್ಲ. ಅದು ತಿಳಿದ ಬಗೆಯನ್ನು ಮುಂದೆ ಅರಿಕೆಮಾಡುತ್ತೇನೆ. ಈಗ ಇಷ್ಟು ಹೇಳಿದರೆ ಸಾಕು. ಉಜ್ಜಯಿನಿಯ ವೈಭವವನ್ನು ಮೇಘದೂತದಲ್ಲಿ ಹಾಡಿ ಹೊಗಳಿದ ಮಹಾಕವಿ, ಊರು ಸತ್ತುದಕ್ಕೆ ಸಾಕ್ಷಿಯನ್ನು ಹುಡುಕುವಾಗ ಅಡಿಗೆಮನೆಯ ಕಡೆಗೆ ನೋಡಿದನು. ಮನೆಯಲ್ಲಿ ಜನರಿದ್ದಾರೆಂಬುದಕ್ಕೆ ಹೊಗೆಗಿಂತ ಬೇರೆ ಗುರುತು ಬೇಕೆ? ಸಂಜೆ ದೂರದಿಂದ ಊರನ್ನು ನೋಡುವ ದಾರಿಹೋಕನಿಗೆ ಮೊದಲು ಕಾಣುವುದು ಅದೇ ಅಲ್ಲವೆ?

ಕಾಳಿದಾಸನು ಅಳುವುದರಲ್ಲಿಯೇ ನಿಲ್ಲಲಿಲ್ಲ. ದೇವಿಯ ಮಾತಿಗೆ ಒಪ್ಪಿ ಕುಶನು ಪರಿವಾರದೊಡನೆ ಅಯೋಧ್ಯೆಗೆ ಹೊರಡುತ್ತಾನೆ. ಶಿಲ್ಪಿಗಳ ತಂಡಗಳು ಬಂದು, ಬೇಸಗೆಯಲ್ಲಿ ಬೆಂದ ನೆಲವನ್ನು ಮೋಡಗಳು ಮಳೆಯಿಂದ ಹೊಸದುಮಾಡುವಂತೆ ಆ ನಗರವನ್ನು ಹೊಸದುಮಾಡುತ್ತವೆ. ಹಾಳನ್ನು ಕುರಿತ ಕಾವ್ಯ ಒಕ್ಕಲು ಬಂದಲ್ಲಿ ಮುಗಿಯುತ್ತದೆ.

ಸುಮಾರು ಒಂದು ಸಾವಿರ ವರ್ಷ ಕಳೆದ ಮೇಲೆ ಕಾಳಿದಾಸನ ಈ ದಾರಿಯಲ್ಲಿ ಒಬ್ಬ ಕವಯಿತ್ರಿ ನಡೆದಳು. ಆಕೆ ನಮ್ಮ ವಿಜಯನಗರದ ಸೊಸೆ. ಬುಕ್ಕರಾಯನ ಮಗನಾದ ಕುಮಾರ ಕಂಪಣನ ಪತ್ನಿ, ಗಂಗಾದೇವಿ. 14ನೆಯ ಶತಮಾನದ ಉತ್ತರಾರ್ಧದಲ್ಲಿ ಕಂಪಣನು ತೆಂಕಣಕ್ಕೆ ದಂಡೆತ್ತಿ ಹೋಗಿ ಮಧುರೆಯ ಸುಲ್ತಾನನನ್ನು ಗೆದ್ದ ವೃತ್ತಾಂತವನ್ನು ಆಕೆ ಸಂಸ್ಕೃತದಲ್ಲಿ ‘ಮಧುರಾವಿಜಯ’ವೆಂಬ ಕಾವ್ಯವನ್ನಾಗಿ ಬರೆದಳು. ಅದಕ್ಕೆ ‘ವೀರಕಂಪರಾಯಚರಿತ’ವೆಂದೂ ಹೆಸರುಂಟು. ಅಲ್ಲಿಯೂ ಒಬ್ಬ ಸ್ತ್ರೀ ರಾಜಕುಮಾರನ ಎದುರಿಗೆ ಬಂದು, ಹಾಳಾದ ದಕ್ಷಿಣದೇಶದ ಸ್ಥಿತಿಯನ್ನು ನಿವೇದಿಸಿ, ಕೈಗೆ ದಿವ್ಯವಾದ ಕತ್ತಿಯೊಂದನ್ನು ಕೊಡುತ್ತಾಳೆ.

ಗಂಗಾದೇವಿಯ ಕಣ್ಣೂ ಬಹು ಸೂಕ್ಷ್ಮವಾದುದು. ದೇಗುಲದ ಕದಗಳನ್ನು ಹುಳು ತಿಂದಿದೆ. ಮಂಟಪದ ಕಲ್ಲುಗಳ ಸಂದುಗಳಲ್ಲಿ ಗರಿಕೆ ಚಿಗುರಿದೆ. ಮೃದಂಗ ಮೊಳಗುತ್ತಿದ್ದೆಡೆ ನರಿಗಳ ಊಳು ಕೇಳುತ್ತದೆ. ಅಗ್ರಹಾರಗಳಲ್ಲಿ ಹೋಮದ ಹೊಗೆಯ ಕಂಪಿಲ್ಲ. ಇಲ್ಲಿಯೂ ಹೊಗೆ ಬಂದುದನ್ನು ನೋಡಿರಿ. ಶ್ರೀರಂಗದಲ್ಲಿ ರಂಗನಾಥನು ಮಲಗಿಯೇ ಇದ್ದಾನೆ. ಮೇಲಿನಿಂದ ಕಳಚಿ ಬೀಳುವ ಇಟ್ಟಿಗೆಗಳು ಸ್ವಾಮಿಯ ಮೈಮೇಲೆ ಬೀಳದಂತೆ ಆದಿಶೇಷನು ಹೆಡೆಯನ್ನು ಅಡ್ಡಹಿಡಿದಿದ್ದಾನೆ. ಈ ಚಿತ್ರ ನನಗೆ ಬಹಳ ಪ್ರಿಯವಾದುದು. ಜಗತ್ತನ್ನೇ ಹೊತ್ತವನು ಈಗ ಒಂದೊಂದೇ ಇಟ್ಟಿಗೆಯನ್ನು ತಡೆಯುತ್ತ ಕುಳಿತಿದ್ದಾನೆ. ಇದರಲ್ಲಿ ಭಕ್ತಿಯೂ ಉಂಟು. ಸೋರುವ ಮನೆಯಲ್ಲಿ ಮಗುವಿನ ಮೇಲೆ ನೀರು ಬೀಳದಂತೆ ಸೆರಗು ಹಿಡಿದು ರಾತ್ರಿ ಕಳೆಯುವ ತಾಯಿಯ ಅನುಭವವೂ ಉಂಟು.

ಆದರೂ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಇದು ಯುದ್ಧಕಾಲದ ಕಾವ್ಯ; ಗೆದ್ದವನ ಮನೆಯಲ್ಲಿ ಹುಟ್ಟಿದ ಕಾವ್ಯ. ಹಾಳೂರಿನ ವರ್ಣನೆ ಇಲ್ಲಿ ಕತ್ತಿಯನ್ನು ಒರೆಯಿಂದ ತೆಗೆಸಲು ಬಂದಿದೆ. ಎದುರಾಳಿಯ ಕಡೆಯ ಸಾಮಾನ್ಯ ಜನ ಏನಾದರು ಎಂಬ ಲೆಕ್ಕ ಅದರಲ್ಲಿ ಸಿಕ್ಕುವುದಿಲ್ಲ. ನಾವು ಇಂದು ಓದುವಾಗ ಗಂಗಾದೇವಿಯ ಕಣ್ಣನ್ನು ಪಡೆದುಕೊಳ್ಳೋಣ, ಆ ಕಾಲದ ಕೋಪವನ್ನು ಆ ಕಾಲಕ್ಕೇ ಬಿಡೋಣ.

ಆ ಗ್ರಂಥದ ಕಥೆಯೂ ಸ್ವಾರಸ್ಯವಾಗಿದೆ. ಬಹುಕಾಲ ಅದರ ಸುದ್ದಿಯೇ ಇರಲಿಲ್ಲ. 1916ರ ಸುಮಾರಿಗೆ ತಿರುವನಂತಪುರದಲ್ಲಿ ತಾಳೆಗರಿಯ ಒಂದು ಪ್ರತಿ ದೊರೆಯಿತು. ಅದೂ ಪೂರ್ಣವಾಗಿರಲಿಲ್ಲ, ಅಲ್ಲಲ್ಲಿ ಶ್ಲೋಕಗಳು ತುಂಡಾಗಿವೆ, ಕೆಲವು ಲುಪ್ತವಾಗಿವೆ. ಹುಳು ತಿಂದ ಕದಗಳನ್ನು ವರ್ಣಿಸಿದ ಕಾವ್ಯ ತಾನೇ ಒಂದು ಹಾಳುಗುಡಿಯಂತೆ ನಮ್ಮ ಕೈಸೇರಿತು. ಇಂಗ್ಲೆಂಡಿನಲ್ಲಿಯೂ ಇಂಥದೊಂದು ಉದಾಹರಣೆಯುಂಟು. ರೋಮನರು ಬಿಟ್ಟುಹೋದ ನಗರವೊಂದರ ಪಾಳುಗೋಡೆಗಳನ್ನು ಕಂಡು ಹಾಡಿದ, ಸಾವಿರ ವರ್ಷಕ್ಕೂ ಹಿಂದಿನ ಹಳೆಯ ಇಂಗ್ಲಿಷಿನ ಪದ್ಯವೊಂದು ಎಕ್ಸೆಟರ್ ಎಂಬ ಊರಿನ ಹಸ್ತಪ್ರತಿಯಲ್ಲಿದೆ. ಆ ಹಾಳೆಗಳಿಗೆ ಎಂದೋ ಬೆಂಕಿ ತಗಲಿ ಪದ್ಯದ ಮಧ್ಯೆ ಮಧ್ಯೆ ತೂತುಗಳಾಗಿವೆ. ಊರಿಗೆ ಬಂದ ಗತಿ ಕಾವ್ಯಕ್ಕೂ ಬರುವುದುಂಟು.

ಈಗ ವಿಜಯನಗರದ ಕಡೆಗೆ ತಿರುಗೋಣ. ಮಧುರೆಯ ಹಾಳನ್ನು ಹಾಡಿದ ಗಂಗಾದೇವಿಗೆ, ಎರಡು ಶತಮಾನಗಳೊಳಗೆ ತನ್ನ ಊರಿಗೂ ಅದೇ ಗತಿ ಬಂದೀತೆಂಬ ಕಲ್ಪನೆ ಇದ್ದಿರಲಾರದು. ಅದು ಎಂಥ ನಗರವಾಗಿತ್ತೆಂಬುದನ್ನು ಪರದೇಶದ ಪ್ರವಾಸಿಗಳು ಬರೆದಿಟ್ಟಿದ್ದಾರೆ. 1443ರಲ್ಲಿ ಪಾರಸೀಕ ರಾಯಭಾರಿ ಅಬ್ದುರ್ ರಜಾಕ್ ಬಂದನು. ಈ ಊರಿನಲ್ಲಿ ಎಲ್ಲೆಂದರಲ್ಲಿ ಗುಲಾಬಿ ಮಾರುತ್ತಾರೆ, ಇಲ್ಲಿನ ಜನಕ್ಕೆ ಅನ್ನದಂತೆ ಹೂವೂ ಬೇಕು ಎಂಬ ಭಾವದ ಮಾತನ್ನು ಅವನು ಬರೆದನು. 1520ರ ಸುಮಾರಿಗೆ ಬಂದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಗುಡ್ಡವನ್ನೇರಿ ನೋಡಿ, ಇದು ರೋಮ್ ನಗರದಷ್ಟು ದೊಡ್ಡದಾಗಿ ಕಾಣುತ್ತದೆ ಎಂದನು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧ ನಡೆಯಿತು. ರಾಮರಾಯನು ಮಡಿದನು. ಅನಂತರ ತಿಂಗಳುಗಟ್ಟಲೆ ಕೊಳ್ಳೆ ನಡೆಯಿತು.

ಎರಡು ವರ್ಷಗಳ ಬಳಿಕ, 1567ರಲ್ಲಿ, ವೆನಿಸ್ ನಗರದ ವರ್ತಕ ಸೀಸರ್ ಫ್ರೆಡರಿಕ್ ಎಂಬವನು ಅಲ್ಲಿಗೆ ಬಂದು ಏಳು ತಿಂಗಳು ಇದ್ದನು. ಅವನು ಬರೆದಿರುವುದನ್ನು ಓದಿದಾಗ ನಾನು ಬೆಚ್ಚಿಬಿದ್ದೆ. ನಗರ ಪೂರ್ತಿ ನೆಲಸಮವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ. ಅವುಗಳಲ್ಲಿ ಹುಲಿ ಮೊದಲಾದ ಕಾಡುಮೃಗಗಳಲ್ಲದೆ ಬೇರಾರೂ ವಾಸವಾಗಿಲ್ಲವೆಂದು ಜನ ಹೇಳುತ್ತಾರೆ ಎಂಬುದು ಅವನ ಮಾತಿನ ತಾತ್ಪರ್ಯ. ಈ ವರ್ತಕ ಕಾಳಿದಾಸನನ್ನು ಓದಿದವನಲ್ಲ. ಆದರೂ ಅಯೋಧ್ಯೆಯ ಮೆಟ್ಟಿಲೇರಿದ ಕಾವ್ಯದ ಹುಲಿ ಸಾವಿರ ವರ್ಷ ನಡೆದು ತುಂಗಭದ್ರೆಯ ದಡಕ್ಕೆ ಬಂದಂತಾಯಿತು. ಮನೆಗಳು ನಿಂತಿವೆ, ಜನ ಇಲ್ಲ. ನಮ್ಮ ‘ಪಾೞ್’ ಶಬ್ದದ ಅರ್ಥವೂ ಅದೇ.

ಅಂದಿನಿಂದ ‘ಹಾಳು ಹಂಪೆ’ ಎಂಬುದು ನಮ್ಮವರ ಬಾಯಲ್ಲಿ ನುಡಿಗಟ್ಟಾಯಿತು. ಕವಿಗಳಿಗೆ ಅದೊಂದು ತೀರ್ಥಕ್ಷೇತ್ರವಾಯಿತು. ನಮ್ಮ ನೆರೆಯ ತೆಲುಗಿನಲ್ಲಿ ಕೊಡಾಲಿ ವೆಂಕಟಸುಬ್ಬರಾಯರು ‘ಹಂಪೀಕ್ಷೇತ್ರಮು’ ಎಂಬ ಕಾವ್ಯವನ್ನೇ ಬರೆದರು. ಹಂಪೆ ಬಿದ್ದ ಮೇಲೆ ಅರಸರು ಹೋಗಿ ನಿಂತ ಪೆನುಗೊಂಡೆಯೂ ಕಾಲಕ್ರಮದಲ್ಲಿ ಕಳೆಗುಂದಿತು. ಅದನ್ನು ಕಂಡು ಪುಟ್ಟಪರ್ತಿ ನಾರಾಯಣಾಚಾರ್ಯರು ಹದಿಹರೆಯದಲ್ಲಿಯೇ ‘ಪೆನುಗೊಂಡಲಕ್ಷ್ಮಿ’ಯನ್ನು ಬರೆದರು. ಮುಂದೆ ಅವರು ವಿದ್ವಾನ್ ಪರೀಕ್ಷೆಗೆ ಕುಳಿತಾಗ ಆ ಕಾವ್ಯವೇ ಪಠ್ಯವಾಗಿತ್ತೆಂದೂ, ತಮ್ಮ ಪದ್ಯಗಳಿಗೆ ತಾವೇ ಅರ್ಥ ಬರೆಯಬೇಕಾಯಿತೆಂದೂ ಹೇಳುತ್ತಾರೆ. ಪಂಡಿತ ಪರೀಕ್ಷೆಗಳ ಬಿಸಿಯನ್ನು ಕಂಡ ನನ್ನಂಥವನಿಗೆ, ಅಲ್ಲಿ ಅವರಿಗೆ ಎಷ್ಟು ಅಂಕ ಬಂದೀತೆಂಬ ಕುತೂಹಲ ಇದ್ದೇ ಇದೆ.

ಕನ್ನಡಿಗರಲ್ಲಂತೂ ಹಂಪೆಗೆ ಹೋಗಿಬಂದು ಒಂದು ಪದ್ಯವನ್ನಾದರೂ ಬರೆಯದ ತರುಣರು ವಿರಳ. ನಾನೂ ಬರೆದೆ. ಇಲ್ಲಿಂದ ಮುಂದೆ ಹೇಳುವುದು ನನ್ನ ತಪ್ಪೊಪ್ಪಿಗೆ.

ಆಗ ನಾನು ಕಾಲೇಜಿನಲ್ಲಿದ್ದೆ. ಇಬ್ಬರು ಗೆಳೆಯರೊಡನೆ ಹಂಪೆಗೆ ಹೋಗಿ ನಾಲ್ಕು ದಿವಸ ಇದ್ದೆ. ವಿರೂಪಾಕ್ಷ ದೇವಸ್ಥಾನದ ಮುಂದಿನ ಬಜಾರಿನ ಎರಡು ಪಕ್ಕದಲ್ಲಿಯೂ ಕಲ್ಲಿನ ಮಂಟಪಗಳ ಸಾಲು ಇದೆ. ಹಿಂದೆ ಅವು ವಿಜಯನಗರದ ಪೇಟೆ. ನಾವು ಹೋದ ಕಾಲಕ್ಕೆ ಅವುಗಳಲ್ಲಿ ಎಷ್ಟೋ ಸಂಸಾರಗಳು ಗೋಡೆ ಕಟ್ಟಿಕೊಂಡು ವಾಸಮಾಡುತ್ತಿದ್ದವು. ಅಂಗಡಿಗಳೂ ಖಾನಾವಳಿಗಳೂ ಇದ್ದವು. ಒಂದು ಮಂಟಪದಲ್ಲಿ ಒಬ್ಬ ಅಜ್ಜಿ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕು ದಿವಸವೂ ನಾವು ಉಂಡದ್ದು ಅಲ್ಲಿಯೇ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ. ದುಡ್ಡು ಕಡಿಮೆಯಾದ ದಿನ “ಮುಂದಿನ ಸಲ ಬಂದಾಗ ಕೊಡುವಿಯಂತ, ಉಣ್ಣು ತಮ್ಮಾ” ಎಂದಳು. ಹೊಗೆಗೆ ನನ್ನ ಕಣ್ಣು ಉರಿಯುತ್ತಿತ್ತು. “ಅಜ್ಜೀ, ರಾಯರ ಕಾಲದ ಕಂಬಕ್ಕೆ ಮಸಿ ಹಿಡಿಸ್ತಾ ಇದ್ದೀಯಲ್ಲ!” ಎಂದು ನಾನು ದೊಡ್ಡ ಪಂಡಿತನ ಹಾಗೆ ಆಕ್ಷೇಪಿಸಿದೆ. ಅಜ್ಜಿ ರೊಟ್ಟಿಯನ್ನು ತಿರುವಿಹಾಕಿ, “ಕಂಬ ರಾಯರ್ದು, ಒಲಿ ನಂದು” ಎಂದಳು. ಗೆಳೆಯರು ನಕ್ಕರು, ನಾನೂ ನಕ್ಕೆ.

ಊರಿಗೆ ಹಿಂತಿರುಗಿ ಪದ್ಯ ಬರೆದೆ. ಅರುವತ್ತು ಸಾಲು, ಭಾಮಿನಿ ಷಟ್ಪದಿ. ಸಿಂಹಾಸನ, ಆನೆಯ ಸಾಲು, ಮುತ್ತುರತ್ನದ ರಾಶಿ, ಮುರಿದ ಕಿರೀಟ, ಕಣ್ಣೀರು, ಎಲ್ಲವನ್ನೂ ತುಂಬಿದ್ದೆ. ಕಾಲೇಜಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಅಧ್ಯಾಪಕರು ಬೆನ್ನು ತಟ್ಟಿದರು. ಆ ಅರುವತ್ತು ಸಾಲಿನಲ್ಲಿ ಹಂಪೆ ನಿರ್ಜನವಾದ ಸ್ಮಶಾನವಾಗಿತ್ತು. ನನಗೆ ನಾಲ್ಕು ದಿನ ಅನ್ನವಿಕ್ಕಿದ ಅಜ್ಜಿಗೆ ಅದರಲ್ಲಿ ಅರ್ಧ ಸಾಲಿನ ಸ್ಥಳವೂ ಇರಲಿಲ್ಲ. ಅವಳ ಹೆಸರನ್ನು ಕೂಡ ನಾನು ಕೇಳಿರಲಿಲ್ಲ.

ಕಾಲ ಕಳೆಯಿತು. ಹಂಪೆಯ ಸ್ಮಾರಕಗಳನ್ನು 1986ರಲ್ಲಿಯೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಗಿತ್ತು. ಮಂಟಪಗಳಿಗೆ ಗೋಡೆ ಎಬ್ಬಿಸಿ, ಮೊಳೆ ಹೊಡೆದು, ಸಿಮೆಂಟು ಮೆತ್ತಿದುದರಿಂದ ಪ್ರಾಚೀನ ಶಿಲ್ಪಕ್ಕೆ ಹಾನಿಯಾಗುತ್ತಿತ್ತೆಂಬುದು ಸುಳ್ಳಲ್ಲ. 2011ರಲ್ಲಿ ಬಜಾರಿನ ಮನೆಗಳನ್ನೂ ಅಂಗಡಿಗಳನ್ನೂ ತೆರವು ಮಾಡಿಸಲಾಯಿತು. ಅಲ್ಲಿದ್ದವರು ಪಾತ್ರೆಪಡಗಗಳನ್ನು ಕಟ್ಟಿಕೊಂಡು ಹೊರಟರು. ಕಲ್ಲನ್ನು ಕಾಪಾಡಬೇಕಾದುದು ನ್ಯಾಯ. ಬಹುಕಾಲ ಬಾಳಿದ ನೆಲೆಯನ್ನು ಒಮ್ಮೆಗೇ ಬಿಡಬೇಕಾಗಿ ಬಂದವರ ಸಂಕಟವೂ ನ್ಯಾಯವೇ. ಇವೆರಡನ್ನು ತೂಗುವ ತಕ್ಕಡಿ ನನ್ನಂಥ ಉಪಾಧ್ಯಾಯನ ಕೈಯಲ್ಲಿಲ್ಲ. ಆಮೇಲೆ ನಡೆದುದನ್ನು ಮಾತ್ರ ಹೇಳಬಲ್ಲೆ.

ಅದಾದ ಕೆಲವು ವರ್ಷಗಳ ಮೇಲೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹಂಪೆಗೆ ಹೋದೆ. ಬಜಾರು ಬರಿದಾಗಿ, ಚೊಕ್ಕಟವಾಗಿ, ಉದ್ದಕ್ಕೂ ಬಿದ್ದಿತ್ತು. ನೋಡಲು ಗಂಭೀರವಾಗಿತ್ತೆಂದು ಒಪ್ಪಬೇಕು. ನಾನು ವಾಡಿಕೆಯಂತೆ 1565ರ ಕಥೆಯನ್ನು ಹೇಳತೊಡಗಿದೆ. ಕೊಳ್ಳೆ, ಬೆಂಕಿ, ಉರಿದು ಹೋದ ಅರಮನೆಗಳು. ಆಗ ಒಬ್ಬ ಹುಡುಗಿ ಮಂಟಪವೊಂದರ ಒಳಗಿನಿಂದ, “ಸರ್, ಇಲ್ಲಿ ಬನ್ನಿ, ಆ ಬೆಂಕಿಯ ಗುರುತು ಇಲ್ಲಿದೆ” ಎಂದು ಕೂಗಿದಳು. ಮಕ್ಕಳೆಲ್ಲ ಓಡಿದರು. ಚಾವಣಿಯ ಕಲ್ಲಿನ ಮೂಲೆಯಲ್ಲಿ ದಟ್ಟವಾಗಿ ಮಸಿ ಹಿಡಿದಿತ್ತು. ಕೆಲವರು ಮೊಬೈಲಿನಲ್ಲಿ ಅದರ ಚಿತ್ರವನ್ನೂ ತೆಗೆದುಕೊಂಡರು. ಸುಲ್ತಾನರ ದಂಡು ಹಚ್ಚಿದ ಬೆಂಕಿಯ ಮಸಿ ಎಂದು ಅವರ ನಂಬಿಕೆ.

ನಾನು ತಲೆಯೆತ್ತಿ ನೋಡಿ ಸುಮ್ಮನೆ ನಿಂತುಬಿಟ್ಟೆ. ಅದು ಅಜ್ಜಿಯ ಮಂಟಪವೋ ಪಕ್ಕದ್ದೋ ತಿಳಿಯಲಿಲ್ಲ. ಎಲ್ಲವೂ ಒಂದೇ ರೀತಿ ಇದ್ದವು. ಆದರೆ ಮಸಿ ಯಾವುದೆಂದು ತಿಳಿಯಿತು. ಒಲೆ ಎಲ್ಲಿತ್ತು, ಹೊಗೆ ಹೇಗೆ ಏರಿ ಎಲ್ಲಿ ತಿರುಗುತ್ತಿತ್ತು ಎಂಬುದು ನನ್ನ ಕಣ್ಣಿಗೆ ನೆನಪಿತ್ತು. ‘ಹೌದಮ್ಮಾ, ಇದು 1565ರದೇ’ ಎಂದಿದ್ದರೆ ಪಾಠ ರಂಗೇರುತ್ತಿತ್ತು. ಹಾಗೆ ಹೇಳಲು ನಾಲಗೆ ಬರಲಿಲ್ಲ. “ಇದು ಊರು ಸುಟ್ಟ ಮಸಿಯಲ್ಲಮ್ಮಾ, ಅಡಿಗೆ ಮಾಡಿದ ಮಸಿ” ಎಂದೆ. “ಯಾರು ಮಾಡಿದ್ದು ಸರ್?” “ಇಲ್ಲಿ ಒಬ್ಬ ಅಜ್ಜಿ ಇದ್ದಳು.” “ಅವಳ ಹೆಸರೇನು? ಈಗ ಎಲ್ಲಿದ್ದಾಳೆ?” ನನ್ನಲ್ಲಿ ಉತ್ತರವಿರಲಿಲ್ಲ. ಕೃಷ್ಣದೇವರಾಯನ ಪಟ್ಟಾಭಿಷೇಕದ ವರ್ಷ 1509 ಎಂದು ನಿದ್ದೆಯಲ್ಲಿಯೂ ಹೇಳಬಲ್ಲ ನಾನು, ನನಗೆ ಅನ್ನವಿಕ್ಕಿದವಳ ಹೆಸರನ್ನು ಹೇಳಲಾರದೆ ಹೋದೆ. ಕಾಳಿದಾಸನು ಕಿಟಕಿಯ ಹೊಗೆ ನಿಂತುದನ್ನು ಏಕೆ ಹೇಳಿದನೆಂಬುದು ಆ ಗಳಿಗೆಯಲ್ಲಿ ನನಗೆ ಅರ್ಥವಾಯಿತು.

ಹಾಳೂರಿನ ಕಾವ್ಯದಲ್ಲಿ ಎರಡು ಬಗೆಯುಂಟೆಂದು ಅಂದಿನಿಂದ ನಾನು ಎಣಿಸಿಕೊಂಡಿದ್ದೇನೆ. ಒಂದು ಸಿಂಹಾಸನಕ್ಕಾಗಿ ಅಳುತ್ತದೆ. ಅದನ್ನು ಬರೆಯುವುದು ಸುಲಭ; ಅದಕ್ಕೆ ಆ ಊರನ್ನು ನೋಡಬೇಕಾದ ಅಗತ್ಯವೂ ಇಲ್ಲ. ಹಂಪೆಯ ಬದಲು ದೋರಸಮುದ್ರವೆಂದು ತಿದ್ದಿದರೆ ನನ್ನ ಅರುವತ್ತು ಸಾಲು ಹಳೆಯಬೀಡಿಗೂ ಸಲ್ಲುತ್ತಿದ್ದುವು. ಇನ್ನೊಂದು, ಮೆಟ್ಟಿಲಿಗಾಗಿ, ಕದಕ್ಕಾಗಿ, ಕಿಟಕಿಗಾಗಿ ಮರುಗುತ್ತದೆ. ಅದಕ್ಕೆ ಕಣ್ಣು ಬೇಕು. ಮರುಗುವುದಕ್ಕೆ ಅಳಿದವರು ನಮ್ಮವರೇ ಆಗಿರಬೇಕೆಂಬ ನಿಯಮವೂ ಇಲ್ಲ. 9ನೆಯ ಶತಮಾನದ ಅರಬ್ಬೀ ಕವಿ ಅಲ್‌ಬುಹ್ತುರಿ, ತನ್ನ ಮನಸ್ಸು ನೊಂದ ಕಾಲದಲ್ಲಿ, ಬಾಗ್ದಾದಿನ ಬಳಿ ಹಾಳುಬಿದ್ದಿದ್ದ ಪಾರಸೀಕ ಚಕ್ರವರ್ತಿಗಳ ಅರಮನೆಗೆ ಹೋದನು. ಅವರು ಅವನ ಕುಲದವರಲ್ಲ, ಮತದವರಲ್ಲ. ಅವನ ಜನವೇ ಅವರನ್ನು ಗೆದ್ದಿತ್ತು. ಗೋಡೆಯ ಮೇಲೆ ಯುದ್ಧದ ಚಿತ್ರವೊಂದಿತ್ತು. ಚಿತ್ರದ ಮನುಷ್ಯರು ಬದುಕಿರುವರೋ ಎಂಬ ಸಂದೇಹ ಬಂದು ಕೈಯಿಂದ ಮುಟ್ಟಿ ನೋಡಿದೆನೆಂದು ಅವನು ಹೇಳುತ್ತಾನೆ. ಕತ್ತಿಯನ್ನು ಬೇಡದ, ಗೆಲವನ್ನು ಕೊಚ್ಚಿಕೊಳ್ಳದ ಮರುಕ ಅದು. ಗೆದ್ದವರ ಕಡೆಯ ಕವಿ ಸೋತವರ ಗೋಡೆಯನ್ನು ಮುಟ್ಟಿ ನೋಡುವುದು ದೊಡ್ಡ ಮಾತು.

ಹಂಪೆ ಪೂರ್ತಿ ಹಾಳಾಗಿಲ್ಲವೆಂಬುದನ್ನೂ ಈ ಎರಡನೆಯ ಕಣ್ಣು ಕಾಣುತ್ತದೆ. ರಾಜರು ಬರುವುದಕ್ಕೆ ಮೊದಲೇ ಅದು ಕವಿಯ ಊರು. ರಗಳೆಗಳ ಹರಿಹರನು ಪಂಪಾಕ್ಷೇತ್ರದ ವಿರೂಪಾಕ್ಷನಿಗೆ ಒಲಿದು ಅಲ್ಲಿ ನೆಲಸಿದವನು. ರಾಜರು ಹೋದ ಮೇಲೂ ವಿರೂಪಾಕ್ಷನ ತೇರು ಎಳೆಯುವುದು ನಡೆದುಬಂದಿದೆ. ರಾಯರ ಕಾಲದ ಕಾಲುವೆಗಳಲ್ಲಿ ಈಗಲೂ ತುಂಗಭದ್ರೆಯ ನೀರು ಹರಿದು ಬಾಳೆಯ ತೋಟಗಳನ್ನೂ ಬತ್ತದ ಗದ್ದೆಗಳನ್ನೂ ಸಾಕುತ್ತಿದೆ. ಆನೆಯ ಸಾಲು ಹೋಯಿತು. ನೀರಿನ ಸಾಲು ಉಳಿಯಿತು. ಇದನ್ನು ಹಾಡಿದ ಪದ್ಯ ಎಲ್ಲಿದೆ ಎಂದು ನಾನು ಹುಡುಕುತ್ತಲೇ ಇದ್ದೇನೆ.

ಆ ಪ್ರವಾಸದಿಂದ ಬಂದ ಮೇಲೆ ಮಕ್ಕಳಿಗೆ ಒಂದೊಂದು ಪದ್ಯ ಬರೆಯಲು ಹೇಳಿದೆ. ಮೂರು ಕಟ್ಟಳೆ ಹಾಕಿದೆ. ರಾಜ ಬರಕೂಡದು, ಕತ್ತಿ ಬರಕೂಡದು, ಕಣ್ಣೀರು ಎಂಬ ಶಬ್ದ ಬರಕೂಡದು. ಕಣ್ಣಾರೆ ಕಂಡ ಒಂದು ಸಣ್ಣ ವಸ್ತು ಬರಲೇಬೇಕು. ಮೊದಲು ಗೊಣಗಿದರು. ಆಮೇಲೆ ಬರೆದರು. ಅಲ್ಲಿ ಕಾಲುವೆಯ ಪಕ್ಕದಲ್ಲಿ ಸಾಲಾಗಿ ಕಲ್ಲಿನ ಊಟದ ತಟ್ಟೆಗಳಿವೆ. ಪಲ್ಯಕ್ಕೆ, ಚಟ್ನಿಗೆ ಬೇರೆ ಬೇರೆ ಗುಳಿಗಳನ್ನು ಕೆತ್ತಿದ್ದಾರೆ. ಒಬ್ಬ ಹುಡುಗ ಆ ತಟ್ಟೆಯ ಮುಂದೆ ಕುಳಿತು, ಇನ್ನೂ ಬಡಿಸಲು ಬಾರದವರನ್ನು ಕಾಯುವ ಹಸಿದವನ ಮಾತನ್ನು ಬರೆದನು. ಮಸಿಯನ್ನು ಕಂಡ ಹುಡುಗಿ ಅಜ್ಜಿಗೆ ಒಂದು ಹೆಸರನ್ನೇ ಇಟ್ಟುಬಿಟ್ಟಳು. ತನ್ನ ಸ್ವಂತ ಅಜ್ಜಿಯ ಹೆಸರು. ಛಂದಸ್ಸು ಎರಡು ಕಡೆ ಕೆಟ್ಟಿತ್ತು. ಕೆಂಪು ಶಾಯಿಯ ಲೇಖನಿಯನ್ನು ಕೈಗೆತ್ತಿಕೊಂಡವನು ತಿದ್ದದೆ ಹಾಗೆಯೇ ಕೆಳಗಿಟ್ಟೆ.

ಕೇಳುಗರಲ್ಲಿ ಹಂಪೆಗೋ ಬಾದಾಮಿಗೋ ತಲಕಾಡಿಗೋ ಹೊರಟವರು ಇದ್ದರೆ ಅವರಲ್ಲಿ ನನ್ನದೊಂದು ಬಿನ್ನಹ. ಗೋಪುರವನ್ನು ಅವಶ್ಯವಾಗಿ ನೋಡಿರಿ. ಅದನ್ನು ತೋರಿಸಲು ಬೇಕಾದಷ್ಟು ಜನರಿದ್ದಾರೆ. ಅದರೊಡನೆ ಸವೆದ ಹೊಸ್ತಿಲನ್ನೂ ನೋಡಿರಿ, ಬಾವಿಯ ಕಲ್ಲಿಗೆ ಹಗ್ಗ ಮಾಡಿದ ಗೀರನ್ನೂ ನೋಡಿರಿ. ಚಾವಣಿಯಲ್ಲಿ ಮಸಿ ಕಂಡರೆ ಅದು ಊರನ್ನು ಸುಟ್ಟ ಮಸಿಯೋ ಅನ್ನ ಬೇಯಿಸಿದ ಮಸಿಯೋ ಎಂದು ಒಂದು ಗಳಿಗೆ ಯೋಚಿಸಿರಿ. ಅಲ್ಲಿ ಯಾರಾದರೂ ನಿಮಗೆ ಊಟಕ್ಕೆ ಬಡಿಸಿದರೆ, ಏಳುವುದಕ್ಕೆ ಮೊದಲು ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಿರಿ. ನಾನು ಕೇಳಲಿಲ್ಲ.